ಉದ್ಯೋಗವೆಂದರೆ ನೌಕರಿಯೆ?

“ಉದ್ಯೋಗಂ ಪುರುಷಲಕ್ಷಣಂ” ಎಂಬ ಹಿರಿಯರ ನುಡಿಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ನುಡಿಯಲ್ಲಿರುವ ಉದ್ಯೋಗವೆಂಬ ಶಬ್ದಕ್ಕೆ ಮೊದಲು ಯಾವ ಅರ್ಥವಿದ್ದಿತು, ಇಂದು ನಾವು ಅದಕ್ಕೆ ಯಾವ ಅರ್ಥವನ್ನು ಕಟ್ಟಿದ್ದೇವೆ ಎಂಬುದನ್ನು ವಿಚಾರಿಸಿದವರು ವಿರಳ. ಉದ್ಯೋಗವೆಂದರೆ ಪ್ರಯತ್ನ, ಉದ್ಯೋಗವೆಂದರೆ ಸಾಹಸ, ತನ್ನ ಬುದ್ಧಿಯನ್ನೂ ತೋಳನ್ನೂ ನಂಬಿ ಒಂದು ಕಾರ್ಯಕ್ಕೆ ಕೈಯಿಕ್ಕುವುದು. ಅಂಥ ತೂಕದ ಶಬ್ದವು ಕ್ರಮೇಣ ಕುಗ್ಗಿ, ತಿಂಗಳ ಕೊನೆಗೆ ಸಂಬಳ ಬರುವ ನೌಕರಿ ಎಂಬಷ್ಟಕ್ಕೆ ಬಂದು ನಿಂತಿದೆ. “ಹುಡುಗನಿಗೆ ಉದ್ಯೋಗವಾಯಿತೆ?” ಎಂದು ಹೆಣ್ಣಿನ ತಂದೆ ಕೇಳಿದರೆ, ಅವನು ಏನನ್ನು ಕಟ್ಟಿದ್ದಾನೆಂದು ಆತ ಕೇಳುತ್ತಿಲ್ಲ, ಯಾರ ಕೈಕೆಳಗೆ ಇದ್ದಾನೆಂದು ಕೇಳುತ್ತಿದ್ದಾನೆ. ಶಬ್ದದ ಅರ್ಥ ಕುಗ್ಗಿದುದು ಜನರ ಮನಸ್ಸು ಕುಗ್ಗಿದುದರ ಗುರುತೆಂದೇ ನಾವು ತಿಳಿಯುತ್ತೇವೆ.

ಒಂದು ನಾಡಿನ ಸಂಪತ್ತು ಹೆಚ್ಚಬೇಕಾದರೆ ಸರಕಾರ ಬೇಕು, ನೀರು ಬೇಕು, ರಸ್ತೆ ಬೇಕು, ವಿದ್ಯೆ ಬೇಕು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವೆಲ್ಲವೂ ಇದ್ದು, ಇವನ್ನು ಕೂಡಿಸಿ ಹೊಸದೊಂದನ್ನು ಹುಟ್ಟಿಸುವ ಸಾಹಸಿಯು ಇಲ್ಲದಿದ್ದರೆ, ಅಕ್ಕಿ ಬೇಳೆ ಎಲ್ಲವೂ ಇದ್ದು ಒಲೆ ಹೊತ್ತಿಸುವವರಿಲ್ಲದ ಮನೆಯಂತಾಗುವುದು. ಆ ಸಾಹಸಿಯನ್ನೇ ಉದ್ಯಮಿಯೆಂದು ಕರೆಯುವುದು. ಅಂಥವರು ಆಕಾಶದಿಂದ ಇಳಿದು ಬರುವುದಿಲ್ಲ. ನಂಬಿ ಸಾಲ ಕೊಡುವ ಕೈ, ಕಾಲೂರಲು ಸ್ಥಳ, ಸೋತಾಗ ಮರಳಿ ಏಳಲು ಅವಕಾಶ, ಈ ಮೂರನ್ನೂ ಕೊಡುವ ಸಮಾಜದಲ್ಲಿ ಮಾತ್ರ ಅವರು ತಲೆಯೆತ್ತುವರು. ಇದೇ ಇಂದು ನಾವು ವಾಚಕರ ಮುಂದೆ ಇಡಬೇಕೆಂದಿರುವ ಮಾತು. ದೃಷ್ಟಾಂತಕ್ಕೆ ದೂರ ಹೋಗಬೇಕಾದುದಿಲ್ಲ; ಹಾಸನದ ಸೀಮೆಯಲ್ಲಿ, ಹೇಮಾವತಿಯ ದಡದಲ್ಲಿಯೇ ಅದು ಇದೆ.

ಹಾಸನದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಶೆಟ್ಟಿಹಳ್ಳಿ ಎಂಬ ಗ್ರಾಮವಿದೆ. ಶೆಟ್ಟಿ ಎಂಬ ಮಾತು ಶ್ರೇಷ್ಠಿ ಎಂಬುದರಿಂದ ಬಂದುದು. ವರ್ತಕರಲ್ಲಿ ಹಿರಿಯನು ಎಂದರ್ಥ. ಊರಿನ ಹೆಸರಿನಲ್ಲಿಯೇ ವಾಣಿಜ್ಯದ ಗೌರವ ಅಡಗಿದೆ. ಆದರೆ ಹೊರಗಿನವರು ಇಂದು ಆ ಊರನ್ನು ಅರಿತಿರುವುದು ಒಂದು ಪಾಳುಗೋಡೆಯಿಂದ. ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಕಟ್ಟಿಸಿದ ಇಗರ್ಜಿಯು, ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ, ಮಳೆಗಾಲದಲ್ಲಿ ನೀರೊಳಗೆ ನಿಂತು ಬೇಸಗೆಯಲ್ಲಿ ಮತ್ತೆ ಹೊರಗೆ ಕಾಣಿಸುತ್ತದೆ. ಛಾವಣಿ ಹೋಗಿದೆ, ಕಮಾನುಗಳು ಉಳಿದಿವೆ. ನೋಡಲು ಬಂದವರು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ನೀರಿನ ಕೆಳಗೆ ಗದ್ದೆಗಳಿದ್ದುವು, ಕಣಗಳಿದ್ದುವು, ಒಲೆಯುರಿಯುತ್ತಿದ್ದ ಮನೆಗಳಿದ್ದುವು ಎಂಬುದು ಚಿತ್ರದಲ್ಲಿ ಬೀಳುವುದಿಲ್ಲ.

೧೯೭೯ರಲ್ಲಿ ಮುಗಿದ ಆ ಅಣೆಕಟ್ಟು ಸುಮಾರು ೩೭ ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ, ಅದರ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಿಗೆ ಹರಿಯುತ್ತವೆ. ಅದು ನಾಡಿಗೆ ಬೇಕಾದ ಕೆಲಸವಾಗಿದ್ದಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ನೆಲ ಬಿಟ್ಟು ಎದ್ದವರ ಗತಿಯೇನು? ಆ ಕಾಲದಲ್ಲಿ ಜಾರಿಯಲ್ಲಿದ್ದುದು ೧೮೯೪ರ ಭೂಸ್ವಾಧೀನದ ಕಾನೂನು. ಆ ಕಾನೂನು ನೆಲಕ್ಕೆ ಬೆಲೆ ಕಟ್ಟುವುದನ್ನು ಬಲ್ಲದಾಗಿದ್ದಿತು. ಬದುಕಿಗೆ ಬೆಲೆ ಕಟ್ಟುವುದನ್ನು ಅರಿಯದಾಗಿದ್ದಿತು. ಪುನರ್ವಸತಿಯನ್ನು ಹಕ್ಕೆಂದು ಎಣಿಸುವ ಕೇಂದ್ರದ ಕಾನೂನು ಬಂದುದು ೨೦೧೩ರಲ್ಲಿ. ವಕೀಲಿ ವೃತ್ತಿಯಲ್ಲಿರುವ ನಾವು ಕಂಡ ಮಟ್ಟಿಗೆ, ಹೊಲ ಕಳೆದುಕೊಂಡ ಒಕ್ಕಲಿನ ಕೈಗೆ ಬಂದ ಪರಿಹಾರದ ಹಣವು, ಅದನ್ನು ಯಾವುದರಲ್ಲಿ ತೊಡಗಿಸಬೇಕೆಂದು ತಿಳಿಯಹೇಳುವವರಿಲ್ಲದೆ, ಮದುವೆಗೋ ಹಳೆಯ ಸಾಲಕ್ಕೋ ವ್ಯಾಜ್ಯಕ್ಕೋ ಕರಗಿಹೋಗುವುದೇ ಹೆಚ್ಚು. ನೆಲವು ಹಣವಾಗುವುದು ಸುಲಭ. ಹಣವು ಮತ್ತೆ ಬದುಕಾಗುವುದು ಸುಲಭವಲ್ಲ. ಆ ಎರಡನೆಯ ಕೆಲಸವೇ ಉದ್ಯಮಿಯದು.

ಇದೇ ಹೇಮಾವತಿಯ ನೀರಿಗೆ ಜಮೀನನ್ನು ಒಪ್ಪಿಸಿದ ಕುಟುಂಬಗಳಲ್ಲಿ ಗೊರೂರಿನ ಒಬ್ಬ ಶಾಲಾ ಉಪಾಧ್ಯಾಯರ ಕುಟುಂಬವೂ ಒಂದು. ಅವರ ಮಗ ಗೋಪಿನಾಥರು ೧೯೫೧ರಲ್ಲಿ ಹುಟ್ಟಿದವರು. ಕನ್ನಡ ಶಾಲೆಯಲ್ಲಿ ಓದಿ, ಬಿಜಾಪುರದ ಸೈನಿಕ ಶಾಲೆಯನ್ನು ಸೇರಿ, ಸೈನ್ಯದಲ್ಲಿ ಅಧಿಕಾರಿಯಾಗಿ ೧೯೭೧ರ ಯುದ್ಧವನ್ನು ಕಂಡು, ಇನ್ನೂ ಮೂವತ್ತು ತುಂಬುವ ಮೊದಲೇ ಕ್ಯಾಪ್ಟನ್ ಪದವಿಯನ್ನು ಬಿಟ್ಟು ಊರಿಗೆ ಬಂದರು. ಕೈಯಲ್ಲಿದ್ದ ನೌಕರಿಯನ್ನು ತಾನಾಗಿ ಬಿಟ್ಟವನನ್ನು ನಮ್ಮ ಜನ ಹೇಗೆ ನೋಡುವರೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಮುಳುಗಿದ ಭೂಮಿಗೆ ಪ್ರತಿಯಾಗಿ ದೊರೆತದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಕಡೆಯ ಬರಡು ನೆಲ. ಅವರು ಅಲ್ಲಿ ಡೇರೆ ಹಾಕಿಕೊಂಡು ನಿಂತರು. ತೆಂಗು ನೆಟ್ಟರು, ಹಸು ಕಟ್ಟಿದರು, ಕೋಳಿ ಸಾಕಿದರು, ರೇಷ್ಮೆಹುಳು ಮೇಯಿಸಿದರು. ಕೆಲವು ಕೈಹಿಡಿದವು, ಕೆಲವು ಕೈಬಿಟ್ಟವು. ಜಮೀನಿನ ಖರ್ಚು ಹೊರಲಾರದೆ ಹಾಸನದ ಪೇಟೆಯಲ್ಲಿ ಮೋಟಾರು ಬೈಸಿಕಲ್ಲಿನ ಏಜೆನ್ಸಿಯನ್ನು ಇಟ್ಟರು, ಹೋಟೆಲನ್ನು ನಡೆಸಿದರು, ನೀರಾವರಿಯ ಸಲಕರಣೆಗಳನ್ನು ಮಾರಿದರು. ರಾಸಾಯನಿಕಗಳನ್ನು ತಗ್ಗಿಸಿ ನಿಸರ್ಗದ ಕ್ರಮವನ್ನನುಸರಿಸಿ ರೇಷ್ಮೆ ಬೆಳೆಯುವ ಅವರ ವಿಧಾನಕ್ಕೆ ೧೯೯೬ರಲ್ಲಿ ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಸಂಸ್ಥೆಯ ಬಹುಮಾನ ದೊರೆಯಿತು. ಗಡಿಯಾರ ಮಾಡುವವರು ಜಾವಗಲ್ಲಿನ ಹಿಪ್ಪುನೇರಳೆಯ ತೋಟವನ್ನು ಗುರುತಿಸಿದರು. ಪಕ್ಕದ ತಾಲ್ಲೂಕಿನವರು ಗುರುತಿಸಿದರೋ ಇಲ್ಲವೋ ನಾವರಿಯೆವು.

ಅವರು ಹೆಸರಾದುದು ಅನಂತರ. ೧೯೯೭ರಲ್ಲಿ ಸೈನ್ಯದ ಗೆಳೆಯರೊಡನೆ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಓಡಿಸುವ ಕಂಪೆನಿಯನ್ನು ಕಟ್ಟಿ, ೨೦೦೩ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನ ಸಂಸ್ಥೆಯನ್ನು ಹೂಡಿದರು. ಅದರ ಮೊದಲ ಹಾದಿಯು ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವೆ ಇದ್ದಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಅದುವರೆಗೆ ವಿಮಾನವೆಂದರೆ ಮಂತ್ರಿಗಳದು, ದೊಡ್ಡ ಅಧಿಕಾರಿಗಳದು, ಧನಿಕರದು. ಗೋಪಿನಾಥರು ಬೇರೊಂದು ಲೆಕ್ಕ ಹಾಕಿದರು. ಪುಕ್ಕಟೆ ಊಟೋಪಚಾರ ಬೇಡ. ದಳ್ಳಾಳಿಯಿಲ್ಲದೆ ದೂರವಾಣಿಯಲ್ಲಿ, ಅಂತರ್ಜಾಲದಲ್ಲಿ ಚೀಟಿ ಮಾರಿದರೆ ಸಾಕು. ವಿಮಾನವು ನೆಲದ ಮೇಲೆ ನಿಲ್ಲುವ ಹೊತ್ತು ಕಡಮೆಯಾದಷ್ಟೂ ಆಕಾಶದಲ್ಲಿ ದುಡಿಯುವ ಹೊತ್ತು ಹೆಚ್ಚು. ದೊಡ್ಡ ಪಟ್ಟಣಗಳನ್ನು ಬಿಟ್ಟು ಸಣ್ಣ ಊರುಗಳ ಪಾಳುಬಿದ್ದ ನಿಲ್ದಾಣಗಳಿಗೆ ಹೋದರೆ ಅಲ್ಲಿ ಹೊಸ ಪ್ರಯಾಣಿಕನು ಕಾದಿದ್ದಾನೆ. ಕೆಲವು ಆಸನಗಳನ್ನು ಒಂದೇ ರೂಪಾಯಿಗೆ ಮಾರಿದಾಗ ನಕ್ಕವರುಂಟು. ಆದರೆ ಕೆಲವೇ ವರ್ಷಗಳಲ್ಲಿ ೬೦ಕ್ಕೂ ಮಿಕ್ಕ ಊರುಗಳಿಗೆ ಆ ವಿಮಾನಗಳು ಹೋಗತೊಡಗಿದುವು. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ವ್ಯಂಗ್ಯಚಿತ್ರದ ಸಾಮಾನ್ಯ ಮನುಷ್ಯನೇ ಅದರ ಲಾಂಛನವಾದನು.

ಮುಂದಿನ ಕಥೆಯನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಎಣ್ಣೆಯ ಬೆಲೆ, ಪೈಪೋಟಿ, ಮಿತಿಮೀರಿದ ವಿಸ್ತಾರ ಇವುಗಳಿಂದ ಸಂಸ್ಥೆಯು ನಷ್ಟದಲ್ಲಿ ಸಿಕ್ಕಿತು. ೨೦೦೭ರಲ್ಲಿ ಅದರ ಪಾಲುಗಳನ್ನು ಕಿಂಗ್‌ಫಿಷರ್ ಸಂಸ್ಥೆಯ ಒಡೆಯರು ಕೊಂಡರು. ೨೦೦೮ರಲ್ಲಿ ಎರಡೂ ಒಂದಾಗಿ ಹಳೆಯ ಹೆಸರು ಅಳಿಯಿತು. ೨೦೧೨ರಲ್ಲಿ ಕಿಂಗ್‌ಫಿಷರ್ ತಾನೂ ನೆಲಕ್ಕಿಳಿಯಿತು. ಹಾಗಾದರೆ ಗೊರೂರಿನ ಉಪಾಧ್ಯಾಯರ ಮಗ ಸೋತರೆ? ಕಂಪೆನಿಯ ಲೆಕ್ಕದ ಪುಸ್ತಕವನ್ನು ಕೇಳಿದರೆ ಸೋತರೆಂದೇ ಅದು ಹೇಳೀತು. ನಾಡಿನ ಲೆಕ್ಕದ ಪುಸ್ತಕ ಬೇರೆಯುಂಟು. ಅವರು ತುಳಿದ ಹಾದಿಯಲ್ಲಿಯೇ ೨೦೦೫–೦೬ರಲ್ಲಿ ಸ್ಪೈಸ್‌ಜೆಟ್, ಇಂಡಿಗೊ ಸಂಸ್ಥೆಗಳು ನಡೆದು ಬಂದುವು. ಸಣ್ಣ ಊರುಗಳಿಗೆ ವಿಮಾನವನ್ನು ಕೊಂಡೊಯ್ಯುವ ಯೋಜನೆಯನ್ನು ೨೦೧೭ರಲ್ಲಿ ಕೇಂದ್ರ ಸರಕಾರವೇ ಕೈಗೊಂಡಿತು. ಕೊಲ್ಲಿಯ ದೇಶಕ್ಕೆ ದುಡಿಯಹೋಗುವ ಬಡಗಿಯೂ, ದೂರದ ಊರಿನ ಆಸ್ಪತ್ರೆಗೆ ಮುದಿತಾಯನ್ನು ಕರೆದೊಯ್ಯುವ ಗುಮಾಸ್ತನೂ ಇಂದು ಆಕಾಶಮಾರ್ಗವನ್ನು ತನ್ನದೆಂದು ಎಣಿಸುತ್ತಾನೆ. ಮುಚ್ಚಿದ್ದ ಒಂದು ಬಾಗಿಲು ತೆರೆಯಿತು. ತೆರೆದವನು ಹೊರಗೆ ಉಳಿದರೂ ಬಾಗಿಲು ಮತ್ತೆ ಮುಚ್ಚಲಿಲ್ಲ. ಉದ್ಯಮಿಯು ಸಮಾಜಕ್ಕೆ ಮಾಡುವ ಉಪಕಾರ ಇಂಥದು. ಅವನು ಗಳಿಸಿದ ಹಣವು ಅವನದು. ಅವನು ತೆರೆದ ಬಾಗಿಲು ಎಲ್ಲರದು.

ಆದರೆ ಇಲ್ಲಿ ಒಂದು ಆಕ್ಷೇಪಣೆ ಹುಟ್ಟುತ್ತದೆ, ಅದು ನ್ಯಾಯವಾದದ್ದು. ಅದೇ ನೀರು ನೂರಾರು ಮನೆಗಳನ್ನು ಎಬ್ಬಿಸಿತು; ಒಬ್ಬನು ಮೇಲೆದ್ದನು; ಉಳಿದವರೇನಾದರು? “ಅವನು ಎದ್ದನಲ್ಲ, ನೀವೇಕೆ ಏಳಲಿಲ್ಲ?” ಎಂದು ಶೆಟ್ಟಿಹಳ್ಳಿಯ ಒಕ್ಕಲನ್ನು ಕೇಳುವವನು ಗಾಯಕ್ಕೆ ಉಪ್ಪು ಹಚ್ಚುವವನು. ಸೈನಿಕ ಶಾಲೆಯ ವಿದ್ಯೆ, ಸೈನ್ಯದ ಅಧಿಕಾರಿಯ ಪರಿಚಯಗಳು, ಆಂಗ್ಲಭಾಷೆಯ ಬಳಕೆ ಇವೆಲ್ಲ ಎಲ್ಲರಿಗೂ ಇರಲಿಲ್ಲ. ಒಬ್ಬ ಸಾಹಸಿಯ ಯಶಸ್ಸನ್ನು ತೋರಿಸಿ ಸಾವಿರ ಜನರಿಗೆ ಸಲ್ಲಬೇಕಾದ ನ್ಯಾಯವನ್ನು ತಳ್ಳಿಹಾಕುವುದಕ್ಕೆ ನಾವು ಎಂದಿಗೂ ಒಪ್ಪೆವು. ಆ ಯಶಸ್ಸಿನಿಂದ ಕಲಿಯಬೇಕಾದ ಪಾಠ ಬೇರೆ: ಅಸಾಮಾನ್ಯನಾದವನು ತನ್ನ ಬಲದಿಂದ ಪಡೆದುಕೊಂಡ ಅನುಕೂಲಗಳನ್ನು ಸಾಮಾನ್ಯನಿಗೆ ಸಮಾಜವು ತಾನಾಗಿ ಒದಗಿಸಬೇಕು. ಅವು ಯಾವುವು?

ಮೊದಲನೆಯದು ಬಂಡವಾಳ. ಈ ವಿಷಯದಲ್ಲಿ ಕನ್ನಡ ನಾಡು ಯಾರಿಗೂ ತಲೆತಗ್ಗಿಸಬೇಕಾಗಿಲ್ಲ. ೧೯೦೬ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಕಟ್ಟಿದವರು ಅಮ್ಮೆಂಬಳ ಸುಬ್ಬರಾವ್ ಪೈಗಳು. ಅವರು ವ್ಯಾಪಾರಿಗಳಲ್ಲ, ನಮ್ಮಂತೆಯೇ ವಕೀಲರು. ಅದಕ್ಕೆ ಮುಂಚೆ ೧೮೯೧ರಲ್ಲಿ ಅವರು ಕೆನರಾ ಹೈಸ್ಕೂಲನ್ನೂ, ಮೂರು ವರ್ಷಗಳ ಮೇಲೆ ಹೆಣ್ಣುಮಕ್ಕಳಿಗೆ ಶಾಲೆಯನ್ನೂ ಸ್ಥಾಪಿಸಿದ್ದರು. ಶಾಲೆಯೂ ಬ್ಯಾಂಕೂ ಒಂದೇ ಮನಸ್ಸಿನಿಂದ ಹುಟ್ಟಿದುವೆಂಬುದನ್ನು ಉಪಾಧ್ಯಾಯ ಮಹನೀಯರು ಗಮನಿಸಬೇಕು. ೧೯೨೫ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈಗಳು, ವಾಮನ ಕುಡ್ವರು, ಡಾಕ್ಟರ್ ಟಿ. ಎಂ. ಎ. ಪೈಗಳು ಕೂಡಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ೮,೦೦೦ ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದರು; ಅದೇ ಸಿಂಡಿಕೇಟ್ ಬ್ಯಾಂಕು. ೧೯೨೮ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿದರು. ಬ್ಯಾಂಕಿನ ಮನುಷ್ಯ ದಿನಾಲು ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯನ್ನೂ ಬೇಡವೆನ್ನದೆ ತೆಗೆದುಕೊಂಡು ಚೀಟಿ ಕೊಡುವನು. ಎರಡಾಣೆಯವನಿಗೂ ಬ್ಯಾಂಕಿನಲ್ಲಿ ಲೆಕ್ಕವುಂಟೆಂಬ ಮಾತು ಎಷ್ಟು ದೊಡ್ಡದು! ಆ ಲೆಕ್ಕದ ಬಲದಿಂದಲೇ ಮೀನು ಮಾರುವವಳೂ ಬೀಡಿ ಕಟ್ಟುವವಳೂ ಸಾಲಗಾರನ ಬಡ್ಡಿಯಿಂದ ಪಾರಾಗುವ ದಾರಿಯನ್ನು ಕಂಡರು. ೨೦೦೦ದ ವೇಳೆಗೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಎದ್ದ ಸ್ತ್ರೀಶಕ್ತಿ ಸಂಘಗಳೂ ಇದೇ ಬಗೆಯ ಹನಿ ಕೂಡಿಸುವ ಕೆಲಸವನ್ನು ಮುಂದುವರಿಸಿದುವು. ಹಿರಿಯರ ನುಡಿಯಲ್ಲಿರುವ ಪುರುಷನೆಂದರೆ ಗಂಡಸೊಬ್ಬನೇ ಎಂದು ಅರ್ಥ ಮಾಡತಕ್ಕದ್ದಲ್ಲವೆಂಬುದಕ್ಕೆ ಅವೇ ಸಾಕ್ಷಿ.

ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕು ೨೦೧೯ರಲ್ಲಿ ಬರೋಡದ ಪಾಲಾಯಿತು. ೧೯೧೩ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ಬ್ಯಾಂಕು ೨೦೧೭ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಹೆಸರುಗಳು ಹೋದುದಕ್ಕೆ ಅಳುವುದರಿಂದ ಪ್ರಯೋಜನವಿಲ್ಲ. ಎರಡಾಣೆಯವನ ಬಾಗಿಲಿಗೆ ಹೋಗುವ ಆ ಬುದ್ಧಿಯು ಹೋಗಬಾರದು. ಹೊಳೆನರಸೀಪುರದ ಕಮ್ಮಾರನ ಮುಖವನ್ನು ಅರಿತು ಸಾಲ ಕೊಡುವ ಮ್ಯಾನೇಜರನು ಬೇಕೆ ಹೊರತು ಮುಂಬಯಿಯಿಂದ ಬಂದ ನಮೂನೆಯನ್ನು ತುಂಬಿಸಿಕೊಳ್ಳುವವನಲ್ಲ.

ಎರಡನೆಯದು ಕಾಲೂರಲು ಸ್ಥಳ. ಅದನ್ನು ಕೊಡದಿದ್ದರೆ ಏನಾಗುವುದೆಂಬುದಕ್ಕೆ ಬೆಳಗಾವಿಯು ದೃಷ್ಟಾಂತ. ಆ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಂದ ಪ್ರಾರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡತೊಡಗಿದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಅಂಜಿ, ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದುವು. ಕ್ರಮೇಣ ರೈತನ ಅಂಜಿಕೆ ಕಳೆಯಿತು. ಆದರೆ ಪುರಸಭೆಯವರು ಊರಿನ ವಿಸ್ತರಣೆಗೆಂದು ಅವರ ಕಾರ್ಖಾನೆಯ ಸ್ಥಳವನ್ನು ತೆರವು ಮಾಡಿಸಿದರು. ಆಗ ಔಂಧ್ ಸಂಸ್ಥಾನದ ಅರಸರು ಬರಡು ನೆಲವನ್ನೂ ಸಾಲವನ್ನೂ ಕೊಟ್ಟು ಕರೆದುಕೊಂಡರು. ೧೯೧೦ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅದು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಒಂದು ಪುರಸಭೆಯ ಒಂದು ನಿರ್ಣಯದಿಂದ ಒಂದು ಸೀಮೆಯು ಒಂದು ಶತಮಾನದ ಕೈಗಾರಿಕೆಯನ್ನು ಕಳೆದುಕೊಂಡಿತು. ಗಡಿಯ ಗೆರೆಗಾಗಿ ನಾವು ಎಷ್ಟು ಚಿಂತಿಸುವೆವೋ, ಗೆರೆಯ ಒಳಗಿರುವ ಸಾಹಸಿಗೆ ಅರ್ಧ ಎಕರೆಯನ್ನು ಕೊಡುವ ವಿಷಯದಲ್ಲಿಯೂ ಅಷ್ಟೇ ಚಿಂತಿಸಬೇಡವೆ?

ಮೂರನೆಯದು ಸೋಲಿಗೆ ಕ್ಷಮೆ. ನಮ್ಮಲ್ಲಿ ಪರೀಕ್ಷೆಯಲ್ಲಿ ತಪ್ಪಿದವನಿಗೆ ಎರಡನೆಯ ಅವಕಾಶವುಂಟು; ವ್ಯಾಪಾರದಲ್ಲಿ ತಪ್ಪಿದವನಿಗೆ ಮದುವೆಯ ಮನೆಯಲ್ಲಿ ಮಣೆಯೂ ಇಲ್ಲ. ಸಾಲವನ್ನು ತೀರಿಸಲಾರದವನು ಬೇರೆ, ತೀರಿಸಲೊಲ್ಲದವನು ಬೇರೆ; ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮೊದಲನೆಯವನಿಗೆ ಕಾನೂನು ಬಿಡುಗಡೆಯ ದಾರಿಯನ್ನು ತೋರಿಸಬೇಕು. ಎರಡನೆಯವನನ್ನು ಬಿಡದೆ ಹಿಡಿಯಬೇಕು. ೨೦೧೬ರ ದಿವಾಳಿ ಸಂಹಿತೆಯು ಕಂಪೆನಿಗಳ ಮಟ್ಟಿಗೆ ಇಂಥ ಒಂದು ಪ್ರಯತ್ನ. ಆದರೆ ಕಾನೂನು ಕೊಟ್ಟ ಬಿಡುಗಡೆಯನ್ನು ನೆರೆಹೊರೆಯ ನಾಲಿಗೆ ಕೊಡದಿದ್ದರೆ ಫಲವಿಲ್ಲ. ಗೋಪಿನಾಥರು ಕೋಳಿಯಲ್ಲಿ ಸೋತಾಗ, ಹಸುವಿನಲ್ಲಿ ಸೋತಾಗ ಮನೆಯವರೂ ಗೆಳೆಯರೂ ಕೈಬಿಟ್ಟಿದ್ದರೆ ಹುಬ್ಬಳ್ಳಿಯ ವಿಮಾನವೆಲ್ಲಿ?

ಉದ್ಯಮಿಯನ್ನು ಇಷ್ಟು ಹೊಗಳಿದೆವೆಂದು, ಹಣ ಮಾಡಿದವರೆಲ್ಲರಿಗೂ ನಾವು ಆರತಿಯೆತ್ತುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅಗ್ಗದ ಭೂಮಿಯನ್ನು ಕೊಂಡು ಬೇಲಿ ಹಾಕಿ ಬೆಲೆಯೇರುವುದನ್ನು ಕಾಯುವವನು ಉದ್ಯಮಿಯಲ್ಲ. ಕಿಂಗ್‌ಫಿಷರ್ ನೆಲಕ್ಕಿಳಿದಾಗ ಅಲ್ಲಿಯ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬಳಲಿದುದನ್ನು ದೇಶವೆಲ್ಲ ಕಂಡಿತು. ಸಾಹಸದ ಲಾಭವು ಒಡೆಯನಿಗೆ, ನಷ್ಟವು ಕೂಲಿಗೂ ಠೇವಣಿದಾರನಿಗೂ ಎಂಬ ಏರ್ಪಾಡು ಸಾಹಸವಲ್ಲ. ಜೂಜು, ಅದೂ ಪರರ ಹಣದಲ್ಲಿ. ಹೊಸದನ್ನು ಹುಟ್ಟಿಸಿದನೆ? ಹತ್ತು ಜನರಿಗೆ ಅನ್ನವಿಟ್ಟನೆ? ಸಾಲಕ್ಕೂ ಕೂಲಿಗೂ ತಾನೇ ಹೊಣೆಯಾದನೆ? ಈ ಮೂರು ಪ್ರಶ್ನೆಗಳಿಗೆ ಹೌದೆಂದು ಉತ್ತರ ಕೊಡಬಲ್ಲವನು ಮಾತ್ರ ನಮ್ಮ ಗೌರವಕ್ಕೆ ಪಾತ್ರನು.

ಇನ್ನು ನಮ್ಮ ಸುತ್ತಲೇ ನೋಡೋಣ. ಹಾಸನವೆಂದರೆ ಆಲೂಗೆಡ್ಡೆ. ಆದರೆ ಅದರ ಬಿತ್ತನೆಯ ಗೆಡ್ಡೆಯು ಪಂಜಾಬಿನ ಜಲಂಧರದಿಂದ ವರ್ಷವರ್ಷವೂ ಲಾರಿಗಳಲ್ಲಿ ಬರಬೇಕು. ಮುಂಗಾರಿನಲ್ಲಿ ಅಂಗಮಾರಿ ರೋಗ ಬಿದ್ದರೆ ಬೀಜದ ಹಣವೂ ಹೋಯಿತು, ಬೆಳೆಯೂ ಹೋಯಿತು. ಇದರಿಂದಲೇ ಆ ಬೆಳೆಯು ಇಲ್ಲಿ ಇಳಿಮುಖವಾಗಿದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ರೋಗವಿಲ್ಲದ ತಾಯಿಗಿಡದ ಕುಡಿಗಳಿಗೆ ಬೇರು ಬರಿಸಿ, ಸಸಿ ಮಾಡಿ, ಇಲ್ಲಿಯೇ ಬಿತ್ತನೆ ಗೆಡ್ಡೆಯನ್ನು ಎಬ್ಬಿಸುವ ಕ್ರಮವನ್ನು ಜಿಲ್ಲೆಯ ಕೆಲವು ಸಸಿತೋಟದವರು ಕೈಗೊಂಡಿದ್ದಾರೆ. ಇವರೇ ನಾವು ಹುಡುಕುತ್ತಿರುವ ಉದ್ಯಮಿಗಳು. ಚನ್ನರಾಯಪಟ್ಟಣ, ಅರಸೀಕೆರೆಗಳಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಮಲಗಿ ಕೊಬ್ಬರಿಯಾಗುತ್ತದೆ. ಮಾರುವ ದಿನ ಬೆಲೆ ಬಿದ್ದಿದ್ದರೆ ವರ್ಷದ ಕಾವಲು ನೀರುಪಾಲು. ಮಟ್ಟೆಯಿಂದ ನಾರು, ಕರಟದಿಂದ ಇದ್ದಿಲು, ಕಾಯಿಯಿಂದ ಎಣ್ಣೆ ಇವನ್ನು ಊರಿನಲ್ಲಿಯೇ ತೆಗೆಯುವ ಕೈಗಳು ಹೆಚ್ಚಿದಷ್ಟೂ ರೈತನು ಒಂದೇ ಬೆಲೆಯನ್ನು ನಂಬಿ ಕೂರಬೇಕಾದುದಿಲ್ಲ. ಶೆಟ್ಟಿಹಳ್ಳಿಗೆ ಬರುವ ಪ್ರವಾಸಿಗಳಿಂದ ಸಹ, ಅಲ್ಲಿಯವರಿಗೇ ದೋಣಿಯ, ಊಟದ, ದಾರಿ ತೋರಿಸುವ ಕೆಲಸದ ಹಕ್ಕು ಮೊದಲು ಸಿಕ್ಕುವಂತೆ ಮಾಡಿದರೆ, ಮುಳುಗಿದ ಊರು ಎದ್ದವರಿಗೆ ಸ್ವಲ್ಪವಾದರೂ ಅನ್ನವಿಕ್ಕೀತು.

೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಬಹುಮಟ್ಟಿಗೆ ಒಂದಾಯಿತು. ಭೂಪಟದಲ್ಲಿ ಒಂದಾದ ನಾಡಿನ ತರುಣರೆಲ್ಲ ಅನ್ನಕ್ಕಾ‌ಗಿ ಬೆಂಗಳೂರೆಂಬ ಒಂದೇ ಬಾಗಿಲಿನ ಮುಂದೆ ಸಾಲುಗಟ್ಟಿ ನಿಂತರೆ, ಆ ಏಕೀಕರಣವು ಅರ್ಧವೇ ಆದಂತೆ. ಅರಕಲಗೂಡಿನ ಹುಡುಗನು ಅರಕಲಗೂಡಿನಲ್ಲಿಯೇ ನಾಲ್ವರಿಗೆ ಕೆಲಸ ಕೊಡಬಲ್ಲ ದಿನ ಉಳಿದ ಅರ್ಧವು ಪೂರ್ಣವಾದೀತು.

ಈ ಕೆಲಸದ ಮೊದಲ ಹೆಜ್ಜೆಯು ಪಾಠಶಾಲೆಯಲ್ಲಿದೆ. ಉಪಾಧ್ಯಾಯರೇ, ನಿಮ್ಮ ತರಗತಿಯ ಹುಡುಗರನ್ನೂ ಹುಡುಗಿಯರನ್ನೂ “ಮುಂದೆ ಏನಾಗುವಿರಿ?” ಎಂದು ನೀವು ಕೇಳುತ್ತೀರಿ, ಅದರೊಡನೆ “ಮುಂದೆ ಏನನ್ನು ಮಾಡುವಿರಿ?” ಎಂದೂ ಕೇಳಿರಿ. ಬಡ್ಡಿಯ ಲೆಕ್ಕವನ್ನು ಹಲಗೆಯ ಮೇಲೆ ಕಲಿಸುವಾಗ ಸಂತೆಯ ಲೆಕ್ಕವನ್ನೂ ಕಲಿಸಿರಿ. ಪಟ್ಟಣದ ಮಹನೀಯರೇ, ಪರಿಹಾರದ ಹಣ ಹಿಡಿದು ಬಂದ ಒಕ್ಕಲಿಗೆ ನಿಮ್ಮ ಬುದ್ಧಿಯ ಸಹಾಯವನ್ನು ಫೀಸಿಲ್ಲದೆ ಕೊಡಿರಿ. ಅಂಗಡಿ ಮುಚ್ಚಿದ ನೆರೆಯವನನ್ನು ಮರಳಿ ತೆರೆಯೆಂದು ಹುರಿದುಂಬಿಸಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯು ನಮ್ಮಲ್ಲಿಯೇ ಹುಟ್ಟಿದುದು. ಕೆಸರಾದ ಕೈಯನ್ನು ಕಂಡು ಮೂಗು ಮುರಿಯುವ ಚಾಳಿಯನ್ನು ಬಿಟ್ಟರೆ, ಉದ್ಯೋಗವೆಂಬ ಶಬ್ದವು ತನ್ನ ಹಳೆಯ ಅರ್ಥವನ್ನು ತಾನೇ ಮರಳಿ ಪಡೆಯುವುದು.